ಎಂಜಿನ್ ನಂಬರ್ ಹಿಡಿಯುವ ಬಗೆ: ಕರ್ಜತ್‌ನ ನಮ್ಮ ಭಾನುವಾರಗಳು

ರೈಲು ಎಂಜಿನ್ನುಗಳ ನಂಬರು ಕಂಡು ಪುಸ್ತಕದಲ್ಲಿ ಬರೆದಿಡುವುದು ನಮ್ಮ ಹವ್ಯಾಸ. ಎಂಜಿನ್ ಮೇಲಿನ ಐದಂಕಿ ನಂಬರನ್ನು ಪೂರ್ತಿ ಓದಲು ಹೋಗಬೇಡಿ. ಮೂರನೇ ಅಂಕಿಗೆ ಬರುವಷ್ಟರಲ್ಲಿ ಗಾಡಿ ದಾಟಿರುತ್ತದೆ. ಅದು ಯಾವ ಜಾತಿಯದು ಅಂತ ದೂರದಿಂದಲೇ ತಿಳಿದರೆ ಮೊದಲ ಅಂಕಿಗಳು ಸಿಕ್ಕಂತೆಯೇ. ಕಣ್ಣು ಕೊನೆಯ ಎರಡು ಮೂರನ್ನು ಹಿಡಿದರೆ ಸಾಕು. 1980ರ ದಶಕದಲ್ಲಿ ಮುಂಬೈ ಬಳಿಯ ಡೊಂಬಿವಲಿಯಿಂದ ಭಾನುವಾರ ಕರ್ಜತ್ ಲೋಕಲ್ ಹತ್ತುತ್ತಿದ್ದ ನಾವು ನಾಲ್ವರು ಕನ್ನಡಿಗರು ಬಹಳ ನಂಬರು ಕಳಕೊಂಡ ಮೇಲೆ ಕಲಿತದ್ದು ಇದು.

ಜಾತಿ ತಿಳಿಯಲು ಅಕ್ಷರ ಕಲಿಯಿರಿ. ಮೊದಲನೆಯದು ಹಳಿಯ ಅಗಲ: ಡಬ್ಲ್ಯು ಅಂದರೆ ಬ್ರಾಡ್‌ಗೇಜ್, ವೈ ಅಂದರೆ ಮೀಟರ್‌ಗೇಜ್. ಆಮೇಲೆ ಡಿ ಇದ್ದರೆ ಡೀಸೆಲ್, ಸಿ ಇದ್ದರೆ ಡಿಸಿ ಕರೆಂಟು, ಎ ಇದ್ದರೆ ಎಸಿ. ಕೊನೆಗೆ ಜಿ ಗೂಡ್ಸಿಗೆ, ಪಿ ಪ್ಯಾಸೆಂಜರಿಗೆ, ಎಂ ಎರಡಕ್ಕೂ. ಆಗ ಮುಂಬೈ-ಪುಣೆ ಮಾರ್ಗದಲ್ಲಿ ಓಡುತ್ತಿದ್ದದ್ದು 1500 ವೋಲ್ಟಿನ ಡಿಸಿ. ಹಾಗಾಗಿ ಘಾಟಿಯಲ್ಲಿ ಗಾಡಿ ತಳ್ಳುತ್ತಿದ್ದ ಎಂಜಿನ್ ಡಬ್ಲ್ಯುಸಿಜಿ-2, ಅದರ ನಂಬರು 201ರಿಂದಲೇ ಶುರು. ಉಳಿದ ಎರಡಂಕಿ ನೋಡಿದರೆ ಮುಗಿಯಿತು.

ಜಾಗ ಕರ್ಜತ್ತೇ ಆಗಬೇಕು ಅನ್ನುವುದು ನನ್ನ ಹಟ. ದಾದರಿನಲ್ಲಿ ಗಾಡಿಗಳು ಹೆಚ್ಚು, ಆದರೆ ಜನರ ತಲೆಯೇ ಕಾಣುತ್ತದೆ. ಕರ್ಜತ್ ದಾಟಿದರೆ ಭೋರ್ ಘಾಟ್, 37 ಅಡಿಗೆ ಒಂದಡಿ ಏರು. ಪುಣೆ ಕಡೆಯ ಗಾಡಿ ಕರ್ಜತ್‌ನಲ್ಲಿ ನಿಂತು ಬಾಲಕ್ಕೆ ಬ್ಯಾಂಕರ್, ಅಂದರೆ ಹಿಂದಿನಿಂದ ತಳ್ಳುವ ಎಂಜಿನ್, ಹಚ್ಚಿಸಿಕೊಳ್ಳಲೇಬೇಕಿತ್ತು. ನಿಂತ ಗಾಡಿಯ ಮುಂದೆ ನಿಧಾನವಾಗಿ ಬರೆಯಬಹುದಿತ್ತು, ಬಿಸಿ ಬಟಾಟೆವಡೆ ಬೇರೆ.

ತೊಡಕು ಒಂದೇ. ಒಂದೊಂದು ಬೋಗಿ 22 ಮೀಟರ್ ಅಂದರೆ, 17 ಬೋಗಿಯ ಗಾಡಿಯ ಆ ತುದಿ ಈ ತುದಿಗೆ 370 ಮೀಟರಿಗೂ ಮೇಲೆ. ಎರಡೂ ಕಡೆಯ ಎಂಜಿನ್ ಒಬ್ಬನಿಂದ ಆಗುವ ಕೆಲಸವಲ್ಲ. ಆದ್ದರಿಂದ ಇಬ್ಬರು ಮುಂದೆ, ಇಬ್ಬರು ಹಿಂದೆ. ಧಾರವಾಡದ ನಮ್ಮ ಮಾಸ್ತರ್ರು ಹಿಂದಿನ ತುದಿಯಲ್ಲಿ ಬಿಳಿ ಕರವಸ್ತ್ರ ಹಿಡಿದು ನಿಲ್ಲುತ್ತಿದ್ದರು. ಒಮ್ಮೆ ಬೀಸಿದರೆ ನಂಬರು ಸಿಕ್ಕಿತು, ಎರಡು ಸಲ ಬೀಸಿದರೆ ಹೊಸದು, ನಮ್ಮ ಪುಸ್ತಕದಲ್ಲಿ ಇಲ್ಲದ್ದು. ಎರಡನೇ ಬೀಸು ಕಂಡರೆ ನಾವು ಮುಂದಿನವರು ಓಟ ಕೀಳುತ್ತಿದ್ದೆವು. ಅಷ್ಟರಲ್ಲಿ ಮುಂದಿನ ಎಂಜಿನ್ನಿನ ಸೀಟಿ, ಹಿಂದಿನದ್ದರ ಮರುಸೀಟಿ, ಗಾಡಿ ಹೊರಟೇಬಿಡುತ್ತಿತ್ತು. ಹಸಿರು ಕರವಸ್ತ್ರ ಬೇಡವೇ ಬೇಡ, ಕೆಂಪು ಅಂತೂ ಮುಟ್ಟಬೇಡಿ.

ನೋಟ್‌ಬುಕ್ಕಿಗೆ ಪೆನ್ಸಿಲ್. ಒಂದು ಜುಲೈಯಲ್ಲಿ ಶಾಯಿ ಪೆನ್ನಿನಲ್ಲಿ ಬರೆದ ನನ್ನ ಮೂರು ವಾರದ ಲೆಕ್ಕ, ಲೋಕಲ್ಲಿನ ಬಾಗಿಲಲ್ಲಿ ನಿಂತ ತಪ್ಪಿಗೆ, ನೀಲಿ ಸಾರಾಗಿ ಹರಿದುಹೋಯಿತು. ಒಬ್ಬನೇ ಕಂಡ ನಂಬರಿನ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಹಾಕಿ. ಇಬ್ಬರು ಕಂಡದ್ದು ಮಾತ್ರ ಖರೆ. ಈ ನಿಯಮಕ್ಕಾಗಿ ಒಂದು ವಾರ ಮಾತು ಬಿಟ್ಟದ್ದೂ ಉಂಟು. ಕ್ಯಾಮೆರಾ ಒಯ್ಯುತ್ತಿರಲಿಲ್ಲ. ಸ್ಟೇಷನ್ನಿನಲ್ಲಿ ಫೋಟೋಗೆ ಪರವಾನಗಿ ಬೇಕಿತ್ತು, 36 ಫೋಟೋದ ರೋಲಿಗೆ ದುಡ್ಡೂ ಬೇಕಿತ್ತು.

ಡೀಸೆಲ್ ಬೇಕಾದವರು ಪುಣೆಗೆ ಹೋಗಬೇಕಿತ್ತು. ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಊರಿಗೆ ಹೊರಟವರಿಗೆ ಅದು ಪುಕ್ಕಟೆ; ಅಲ್ಲಿ ಕರೆಂಟಿನ ಎಂಜಿನ್ ಕಳಚಿ ಡಬ್ಲ್ಯುಡಿಎಂ-2 ಹಚ್ಚುತ್ತಿದ್ದರು. ನಂಬರು 16, 17 ಅಥವಾ 18 ಸಾವಿರದ್ದು. ಜೊತೆಗೆ ಎಂಜಿನ್ ಯಾವ ಊರಿನ ಶೆಡ್ಡಿನದು ಅಂತ ಹೇಳುವ ಅಕ್ಷರವನ್ನೂ ಬರೆಯಿರಿ: ಪಿಎ ಅಂದರೆ ಪುಣೆ, ಜಿವೈ ಅಂದರೆ ಗುತ್ತಿ, ಕೆಜೆಎಂ ಅಂದರೆ ಕೃಷ್ಣರಾಜಪುರ. ನೀರು ತರುತ್ತೇನೆಂದು ಇಳಿದು ಖಾಲಿ ಹೂಜಿ ಹಿಡಿದು ವಾಪಸು ಬಂದರೆ ಮನೆಯವರು ಏನು ಅನ್ನುತ್ತಾರೆ ಅಂತ ನಾನು ಇಲ್ಲಿ ಬರೆಯುವುದಿಲ್ಲ.

ಗುಂಪಿನವರು ಬೇರೆ ಊರಿಗೆ ವರ್ಗವಾದರೆ ಪೋಸ್ಟ್‌ಕಾರ್ಡ್ ಇದೆ. ಬರೆಯುವಾಗ ತಾರೀಖು, ಗಾಡಿಯ ಹೆಸರು, ಎಂಜಿನ್ ಜಾತಿ ಮೊದಲು, ಅಂಕಿ ಆಮೇಲೆ. ಸೊಲ್ಲಾಪುರಕ್ಕೆ ಹೋದ ನಮ್ಮ ಕ್ಯಾಷಿಯರ್ ಬರೀ ಅಂಕಿಗಳನ್ನೇ ಸಾಲಾಗಿ ಬರೆದು ಕಳಿಸುತ್ತಿದ್ದ. ನಾಲ್ಕನೇ ಕಾರ್ಡು ಕೈಗಿಡುವಾಗ ಚಾಳಿನ ಪೋಸ್ಟ್‌ಮನ್ ಆಚೀಚೆ ನೋಡಿ, ಮೆಲ್ಲಗೆ ಕೇಳಿದ: "ಸಾಹೇಬರೇ, ಈ ಮಟ್ಕಾ ನಂಬರಿನಲ್ಲಿ ಓಪನ್ ಯಾವುದು, ಕ್ಲೋಸ್ ಯಾವುದು?"