ಹಿತ್ತಲಲ್ಲಿ ಹಕ್ಕಿ ನೋಡೋದು ಹೇಗೆ? ಮೊದಲು ಕಾಗೆಯಿಂದ ಶುರು ಮಾಡಿ

ಹಕ್ಕಿ ನೋಡೋ ಹುಚ್ಚು ಹತ್ತಿದ ಹೊಸದರಲ್ಲಿ ನಾನು ಮಾಡಿದ ಮೊದಲ ಕೆಲಸ ಅಂದ್ರೆ ಆನ್‌ಲೈನಲ್ಲಿ ಒಂದು ಬೈನಾಕ್ಯುಲರ್ ತರಿಸಿದ್ದು, ಡಬ್ಬಿ ಮೇಲೆ 20×50 ಅಂತ ದೊಡ್ಡದಾಗಿ ಬರೆದಿತ್ತು, ಇಪ್ಪತ್ತು ಪಟ್ಟು ಹತ್ತಿರ ಕಾಣುತ್ತೆ ಅಂದ್ಮೇಲೆ ಇನ್ನೇನು ಬೇಕು ಅಂದ್ಕೊಂಡೆ. ಕಣ್ಣಿಗಿಟ್ರೆ ನುಗ್ಗೆಮರ ಭೂಕಂಪ ಆದ ಹಾಗೆ ಅಲ್ಲಾಡ್ತಿತ್ತು, ಹಕ್ಕಿ ಕೂತಿರೋ ಕೊಂಬೆ ಯಾವುದು ಅಂತ ಹುಡುಕೋಷ್ಟರಲ್ಲಿ ಹಕ್ಕಿ ಪಕ್ಕದ ಬೀದಿ ಸೇರಿರ್ತಿತ್ತು. ಅಷ್ಟೊತ್ತಿಗೆ ಒಗೆಯೋ ಕಲ್ಲಿನ ಹತ್ರ ನಿಂತಿದ್ದ ಅಮ್ಮ ಬರಿಗಣ್ಣಲ್ಲೇ ನೋಡ್ಕೊಂಡು "ಅಲ್ನೋಡೋ, ಪಿಕಳಾರ ಕರಿಬೇವಿನ ಹಣ್ಣು ನುಂಗ್ತಾ ಇದೆ" ಅಂದ್ರು. ಬೈನಾಕ್ಯುಲರ್ ಈಗ ಅಟ್ಟದ ಮೇಲಿದೆ, ಅಮ್ಮ ಈಗಲೂ ನನಗಿಂತ ಮೊದಲೇ ಹಕ್ಕಿ ನೋಡ್ತಾರೆ.

ನಮ್ಮದು ಮೈಸೂರಲ್ಲಿ ಥರ್ಟಿ ಫಾರ್ಟಿ ಸೈಟಿನ ಮನೆ, ಹಿತ್ತಲು ಅಂದ್ರೆ ಒಂದು ನುಗ್ಗೆ, ಒಂದು ಕರಿಬೇವು, ನಾಲ್ಕು ದಾಸವಾಳ, ಒಂದು ಬಾಳೆ ಗುಂಪು, ಬಟ್ಟೆ ಒಣಗಿಸೋ ತಂತಿ, ಅಷ್ಟೆ. ಇಷ್ಟರಲ್ಲಿ ಎರಡು ವರ್ಷಕ್ಕೆ ನಲವತ್ತಕ್ಕೂ ಜಾಸ್ತಿ ಜಾತಿ ಹಕ್ಕಿ ಲೆಕ್ಕಕ್ಕೆ ಸಿಕ್ಕಿವೆ. ನಿಮ್ಮದು ಅಪಾರ್ಟ್‌ಮೆಂಟಾದ್ರೆ ಬಾಲ್ಕನಿನೇ ಹಿತ್ತಲು ಅಂದ್ಕೊಳ್ಳಿ, ಪರವಾಗಿಲ್ಲ.

ಜಾಗ ಒಂದೇ, ಹೊತ್ತೂ ಒಂದೇ

ಮನೆ ಸುತ್ತ ಓಡಾಡ್ಕೊಂಡು ಹುಡುಕಬೇಡಿ. ಒಂದು ಕುರ್ಚಿ ಹಾಕ್ಕೊಂಡು ದಿನಾ ಅದೇ ಜಾಗದಲ್ಲಿ ಕೂರಿ, ಬೆಳಿಗ್ಗೆ ಆರೂವರೆಯಿಂದ ಎಂಟರೊಳಗೆ ಯಾವಾಗಾದ್ರೂ ಇಪ್ಪತ್ತು ನಿಮಿಷ, ಬೇಸಿಗೆಯಲ್ಲಿ ಇನ್ನೂ ಸ್ವಲ್ಪ ಬೇಗ. ಸೂರ್ಯ ನಿಮ್ಮ ಬೆನ್ನಿಗಿರಲಿ, ಇಲ್ದಿದ್ರೆ ಎಲ್ಲಾ ಹಕ್ಕಿನೂ ಕಪ್ಪಗೇ ಕಾಣ್ತವೆ. ನೀವು ಬಂದ ತಕ್ಷಣ ಎಲ್ಲಾ ಹಾರಿಹೋಗ್ತವೆ, ಐದು ನಿಮಿಷ ಅಲ್ಲಾಡದೆ ಕೂತ್ರೆ ವಾಪಸ್ ಬರ್ತವೆ, ವಾರ ಕಳೆಯೋಷ್ಟರಲ್ಲಿ ನಿಮ್ಮನ್ನೂ ಒಗೆಯೋ ಕಲ್ಲಿನ ಥರ ಅಂದ್ಕೊಂಡು ಸುಮ್ನಾಗ್ತವೆ. ಕಾಫಿ ಲೋಟ ತರಬಹುದು. ಮೊಬೈಲು ಸೈಲೆಂಟಲ್ಲಿರಲಿ.

ಗೊತ್ತಿರೋ ಹಕ್ಕಿಯನ್ನೇ ಮತ್ತೆ ನೋಡಿ

ಹೊಸಬರು ಎಡವೋದು ಇಲ್ಲೇ ಅಂತ ನನ್ನ ಅನಿಸಿಕೆ. ಮೊದಲ ದಿನವೇ ಅಪರೂಪದ್ದು ಕಾಣಬೇಕು ಅಂತ ಆಸೆ, ಕಾಗೆ ಬಂದ್ರೆ "ಅಯ್ಯೋ ಕಾಗೆ" ಅಂತ ಮುಖ ತಿರುಗಿಸೋದು. ಸರಿ, ಹಾಗಾದ್ರೆ ನಿಮ್ಮ ಮನೆಗೆ ಬರೋ ಕಾಗೆ ಯಾವುದು ಹೇಳಿ ನೋಡೋಣ? ಕಾಗೆಯಲ್ಲೇ ಎರಡು ಜಾತಿ ಬರ್ತವೆ. ಕುತ್ತಿಗೆ ಸುತ್ತ ಬೂದಿ ಬಳಿದ ಹಾಗಿದ್ರೆ ಅದು ಊರಕಾಗೆ, ಪೂರ್ತಿ ಕಡುಕಪ್ಪು, ಕೊಕ್ಕು ದಪ್ಪ, ದನಿ ಇನ್ನೂ ಗಡಸು ಇದ್ರೆ ಅದು ಕಾಡುಕಾಗೆ. ಪಿತೃಪಕ್ಷದಲ್ಲಿ ಎಡೆ ಇಟ್ಟು "ಕಾ ಕಾ" ಅಂತ ಕರೆದು ಅರ್ಧ ಗಂಟೆ ಕಾಯ್ತೀವಲ್ಲ, ಆಗಲೂ ನಾನು ಮೂವತ್ತೈದು ವರ್ಷ ಈ ವ್ಯತ್ಯಾಸ ನೋಡಿರಲಿಲ್ಲ.

ಪಿಕಳಾರನೂ ಹಂಗೇ ಎರಡು ಥರ. ಒಂದಕ್ಕೆ ನೆತ್ತಿ ಮೇಲೆ ಚೂಪಾದ ಕಪ್ಪು ಜುಟ್ಟು, ಕೆನ್ನೆ ಬಿಳಿ, ಕಣ್ಣಿನ ಹಿಂದೆ ಕುಂಕುಮ ಒರೆಸಿದ ಹಾಗೆ ಒಂಚೂರು ಕೆಂಪು. ಇನ್ನೊಂದು ಮೈಯೆಲ್ಲಾ ಮಸಿ ಕಂದು, ತಲೆ ಕಪ್ಪು, ಕೆನ್ನೆಯಲ್ಲಿ ಏನೂ ಇಲ್ಲ. ಎರಡಕ್ಕೂ ಬಾಲದ ಬುಡದಲ್ಲಿ ಕೆಳಗೆ ಕೆಂಪಿದೆ, ಅದಕ್ಕೇ ಬರೀ "ಕೆಂಪು ಕಂಡ್ತು" ಅಂದ್ರೆ ಸಾಲಲ್ಲ. ಗೊರವಂಕದಲ್ಲೂ ಕಣ್ಣಿನ ಸುತ್ತ ಹಳದಿ ಚರ್ಮ ಇದ್ರೆ ಅದು ಮಾಮೂಲಿ ಮೈನಾ, ಆ ಹಳದಿ ಇಲ್ದೆ ಕೊಕ್ಕಿನ ಬುಡದಲ್ಲಿ ಒಂದು ಸಣ್ಣ ಕುಚ್ಚು ಇದ್ರೆ ಕಾಡುಮೈನಾ. ಮೇಲೆ ಹಾರೋದ್ರಲ್ಲಿ ಬಾಲ ಕವಲೊಡೆದಿದ್ರೆ ಹದ್ದು, ಬಾಲ ದುಂಡಗಿದ್ದು ತಲೆ ಎದೆ ಬಿಳಿ, ಉಳಿದ ಮೈ ಕಾವಿ ಬಣ್ಣ ಇದ್ರೆ ಗರುಡ.

ಇನ್ನೊಂದು ಹಕ್ಕಿ ಪೊದೆಯೊಳಗೆ ನಡ್ಕೊಂಡೇ ಹೋಗುತ್ತೆ, ಕಾಗೆಯಷ್ಟು ದಪ್ಪ, ರೆಕ್ಕೆ ಇಟ್ಟಿಗೆ ಬಣ್ಣ, ಕಣ್ಣು ಕೆಂಪು, "ಊಪ್ ಊಪ್ ಊಪ್" ಅಂತ ಬಾವಿಯೊಳಗಿಂದ ಬಂದ ಹಾಗೆ ದನಿ. ಗಾದೆಯಲ್ಲಿ ನವಿಲನ್ನ ನೋಡಿ ಪುಕ್ಕ ಕೆದರಿಕೊಂಡು ನಗೆಪಾಟಲಾದ ಕೆಂಬೂತ ಇದೇ. ತಮಾಷೆ ಏನಂದ್ರೆ ಇದನ್ನೇ ಇನ್ನು ಕೆಲವರು ರತ್ನಪಕ್ಷಿ ಅಂತಾರೆ, ಬೆಳಿಗ್ಗೆ ಎದ್ದು ಇದರ ಮುಖ ನೋಡಿದ್ರೆ ಶುಭ ಅಂತಾರೆ, ನಮ್ಮ ಪಕ್ಕದ ಮನೆ ಆಂಟಿ ಇದು ಕಂಡ ದಿನ ಲಾಟರಿ ಇಲ್ವಲ್ಲಪ್ಪಾ ಈಗ ಅಂತ ಬೇಜಾರು ಮಾಡ್ಕೋತಾರೆ.

ಹದಿನೈದು ದಿನ ಈ ಹಳೇ ಪರಿಚಯದವರನ್ನೇ ನೋಡಿ. ಏನು ತಿಂತು, ಎಲ್ಲಿ ಕೂರುತ್ತೆ, ಯಾರನ್ನ ಓಡಿಸುತ್ತೆ. ಇವು ಕಣ್ಣಿಗೆ ಪಳಗಿದ್ಮೇಲೆ ಹೊಸದು ಬಂದ್ರೆ ತಾನಾಗೇ ಗೊತ್ತಾಗುತ್ತೆ, ಮದುವೆ ಮನೆಯಲ್ಲಿ ನೆಂಟರಲ್ಲದವರು ಊಟಕ್ಕೆ ಕೂತ್ರೆ ಗೊತ್ತಾಗಲ್ವಾ, ಹಂಗೆ.

ಹೊಸ ಹಕ್ಕಿ ಕಂಡ್ರೆ

ಮೊದಲು ಬಣ್ಣ ನೋಡಬೇಡಿ, ಸೈಜು ನೋಡಿ. ಅಳತೆಗೋಲು ಮೂರು: ಗುಬ್ಬಚ್ಚಿ, ಗೊರವಂಕ, ಕಾಗೆ. ಗುಬ್ಬಚ್ಚಿಗಿಂತ ದೊಡ್ಡದಾ ಚಿಕ್ಕದಾ, ಗೊರವಂಕದಷ್ಟಾ, ಕಾಗೆಗಿಂತ ಸಣ್ಣದಾ ಅಂತ ಕೇಳ್ಕೊಳ್ಳಿ. ಆಮೇಲೆ ಕೊಕ್ಕು, ಕಾಳು ಒಡೆಯೋ ದಪ್ಪ ಕೊಕ್ಕಾ, ಹೂವಿನ ಮಕರಂದ ಹೀರೋ ಪುಟ್ಟ ಸೂರಕ್ಕಿ ಥರ ಬಾಗಿದ ಸೂಜಿಯಾ, ಇಲ್ಲಾ ಹುಳ ಹಿಡಿಯೋ ಸಣ್ಣ ಚಿಮಟವಾ. ಆಮೇಲೆ ಬಾಲ. ಕೊನೆಗೆ ಬಣ್ಣ. ಮನಸ್ಸಿನಲ್ಲೇ ಇದನ್ನೆಲ್ಲಾ ಹೇಳ್ಕೊಂಡು ಹಕ್ಕಿ ಹಾರಿಹೋದ ಮೇಲೆ ಪುಸ್ತಕ ತೆಗೀರಿ, ಹಕ್ಕಿ ಎದುರಿಗಿರುವಾಗ ಪುಟ ತಿರುವಿದ್ರೆ ಎರಡೂ ಕೈತಪ್ಪುತ್ತೆ.

ಗಂಡು ಹೆಣ್ಣಿನ ವಿಷಯದಲ್ಲಿ ಹುಷಾರು. ಒಂದು ಏಪ್ರಿಲ್ಲಲ್ಲಿ ಮೈತುಂಬಾ ಬಿಳಿ ಚುಕ್ಕೆ ಇರೋ ಕಂದು ಹಕ್ಕಿಯ ಫೋಟೊ ತೆಗೆದು "ನಮ್ಮ ಹಿತ್ತಲಿಗೆ ಗಿಡುಗ ಬಂದಿದೆ" ಅಂತ ಫ್ಯಾಮಿಲಿ ಗ್ರೂಪಿಗೆ ಹಾಕಿದೆ, ಊರಿಂದ ಚಿಕ್ಕಪ್ಪ "ಅದು ಹೆಣ್ಣು ಕೋಗಿಲೆ ಕಣೋ" ಅಂತ ಒಂದೇ ಸಾಲು ಬರೆದ್ರು. ಕಪ್ಪಗಿರೋದು ಗಂಡು, ಕುಹೂ ಅಂತ ಹಾಡೋದೂ ಅವನೇ. ಹೆಣ್ಣು "ಕಿಕ್ ಕಿಕ್ ಕಿಕ್" ಅಂತ ಕಿರುಚುತ್ತೆ, ಹೋಗಿ ಕಾಗೆ ಗೂಡಲ್ಲಿ ಮೊಟ್ಟೆ ಇಡುತ್ತೆ. ಮಡಿವಾಳ ಹಕ್ಕಿಯಲ್ಲೂ ಗಂಡು ಕಪ್ಪು ಬಿಳುಪು, ಹೆಣ್ಣಿನಲ್ಲಿ ಆ ಕಪ್ಪಿನ ಜಾಗದಲ್ಲಿ ಬೂದು.

ಕಿವಿ ಕೂಡ ಬೇಕು

ಬೇಸಿಗೆ ಮಧ್ಯಾಹ್ನ ಯಾರೋ ದೂರದಲ್ಲಿ ಕಂಚಿನ ಪಾತ್ರೆ ತಟ್ಟೋ ಹಾಗೆ "ಟುಕ್ ಟುಕ್ ಟುಕ್" ಅಂತ ನಿಲ್ಲದೆ ಕೇಳುತ್ತಲ್ಲ, ಅದು ಕಂಚುಕುಟಿಗ. ಗುಬ್ಬಚ್ಚಿಗಿಂತ ಸ್ವಲ್ಪ ದಪ್ಪ, ಹಸಿರು ಮೈ, ಹಣೆ ಕೆಂಪು. ಕೂಗ್ತಾ ಕತ್ತು ಆ ಕಡೆ ಈ ಕಡೆ ತಿರುಗಿಸೋದ್ರಿಂದ ಸದ್ದು ಒಂದೊಂದ್ಸಲ ಒಂದೊಂದು ಕಡೆಯಿಂದ ಬಂದ ಹಾಗಾಗುತ್ತೆ, ನಾನು ಮೂರು ದಿನ ತಪ್ಪು ಮರ ನೋಡ್ತಿದ್ದೆ. ಇದು ಗೂಡು ಕೊರೆಯೋದು ಒಣಗಿದ ಮೆತ್ತನೆ ಕೊಂಬೆಯಲ್ಲಿ, ಹಾಗಾಗಿ ನುಗ್ಗೆಮರದ ಒಣ ಕೊಂಬೆ ಯಾರ ತಲೆ ಮೇಲೂ ಬೀಳೋ ಹಾಗಿಲ್ಲ ಅಂದ್ರೆ ಅದನ್ನ ಕಡಿಸಬೇಡಿ, ನೋಡೋಕೆ ಚೆನ್ನಾಗಿಲ್ಲ ಅನ್ನೋದು ಒಂದು ಕಾರಣ ಅಲ್ಲ.

ಇನ್ನು ಗಲಾಟೆ ಕೇಳಿಸಿದ್ರೆ ಹೋಗಿ ನೋಡಿ. ಪಿಕಳಾರ, ಅಳಿಲು, ಗೊರವಂಕ ಎಲ್ಲಾ ಒಟ್ಟಿಗೆ ಒಂದೇ ಮರದ ಹತ್ರ ಬೈಯ್ತಾ ಇದ್ರೆ ಅಲ್ಲಿ ಬೆಕ್ಕೋ, ಹಾವೋ, ಗೂಬೆಯೋ ಇರುತ್ತೆ. ಬುಡಬುಡಿಕೆಯವರು "ಹಾಲಕ್ಕಿ ನುಡೀತೈತೆ" ಅಂತಾರಲ್ಲ, ಆ ಹಾಲಕ್ಕಿ ಅನ್ನೋ ಚುಕ್ಕೆ ಗೂಬೆಯನ್ನ ನಾನು ಮೊದಲು ಕಂಡಿದ್ದು ಹೀಗೇ, ಮುಷ್ಟಿಯಷ್ಟಿದ್ದ ಅದು ತೆಂಗಿನ ಮರದಲ್ಲಿ ಕಣ್ಣು ಪಿಳಿಪಿಳಿ ಬಿಟ್ಕೊಂಡು ಎಲ್ಲರ ಬೈಗುಳ ಕೇಳಿಸ್ಕೋತಾ ಕೂತಿತ್ತು.

ನೀರಿಡಿ, ಗಿಡ ಬೆಳೆಸಿ, ಅನ್ನ ಹಾಕಬೇಡಿ

ಮಣ್ಣಿನ ಅಗಲ ತಟ್ಟೆ, ಎರಡು ಇಂಚಿಗಿಂತ ಆಳ ಬೇಡ, ಮಧ್ಯ ಒಂದು ಕಲ್ಲಿಡಿ, ಸಣ್ಣ ಹಕ್ಕಿ ಕೂತ್ಕೊಂಡು ಕುಡಿಯೋಕೆ. ಬೆಕ್ಕು ಬಚ್ಚಿಟ್ಟುಕೊಳ್ಳೋ ಪೊದೆಯ ಪಕ್ಕ ಇಡಬೇಡಿ. ದಿನಾ ಹಳೇ ನೀರು ಚೆಲ್ಲಿ ತಟ್ಟೆ ಉಜ್ಜಿ ಹೊಸದು ಹಾಕಿ, ಇದು ಮಾತ್ರ ತಪ್ಪಬಾರದು, ಡೆಂಗಿ ಸೊಳ್ಳೆ ಮೊಟ್ಟೆ ಇಡೋದು ಇಂಥ ನಿಂತ ನೀರಲ್ಲೇ. ದಿನಾ ಬದಲಾಯಿಸೋಕೆ ಆಗಲ್ಲ ಅನ್ನೋರು ನೀರೇ ಇಡದಿದ್ರೆ ವಾಸಿ.

ಕಾಳು ಹಾಕೋ ವಿಷಯದಲ್ಲಿ ಜಗಳ ಇದೆ. ನಾನು ಹಾಕಲ್ಲ. ಹಾಕಿದ್ರೆ ಮೊದಲು ಬರೋದು ಪಾರಿವಾಳ, ಕೊನೆಗೂ ಉಳಿಯೋದು ಪಾರಿವಾಳವೇ, ಅದರ ಹಿಕ್ಕೆಯ ಧೂಳು ಶ್ವಾಸಕೋಶಕ್ಕೆ ಒಳ್ಳೇದಲ್ಲ. ಉಪ್ಪು ಖಾರ ಹಾಕಿದ ಚಿತ್ರಾನ್ನ, ಮಿಕ್ಚರ್ ಅಂತೂ ಹಕ್ಕಿಗೆ ಬೇಡವೇ ಬೇಡ. ಅದರ ಬದಲು ಗಿಡ ಹಾಕಿ. ನುಗ್ಗೆ ಹೂ ಬಿಟ್ಟಾಗ, ಬಾಳೆ ಮೂತಿ ಬಿಟ್ಟಾಗ ಸೂರಕ್ಕಿ ಬಂದೇ ಬರುತ್ತೆ, ದಾಸವಾಳ ಕೇಪಳಕ್ಕೂ ಬರುತ್ತೆ. ಕರಿಬೇವಿನ ಹಣ್ಣು ಪಿಕಳಾರಕ್ಕೆ, ಕೋಗಿಲೆಗೆ. ಜಾಗ ಇದ್ರೆ ಒಂದು ಗಸಗಸೆ ಹಣ್ಣಿನ ಮರ, ವರ್ಷದ ಮುಕ್ಕಾಲು ಭಾಗ ಹಣ್ಣು ಬಿಡುತ್ತೆ, ನಮ್ಮ ಹಿಂದಿನ ಖಾಲಿ ಸೈಟಲ್ಲಿ ಒಂದಿತ್ತು, ಮನೆ ಕಟ್ಟೋರು ಕಡಿಸಿದ್ರು, ಆ ವಾರ ನನ್ನ ನೋಟ್‌ಬುಕ್ಕಲ್ಲಿ ಐದು ಹೆಸರು ಕಮ್ಮಿ.

ಗುಬ್ಬಚ್ಚಿ ಇನ್ನೂ ಇರೋ ಏರಿಯಾ ಆದ್ರೆ ಗೂಡಿನ ಪೆಟ್ಟಿಗೆ ಇಡಬಹುದು, ತೂತು 32 ಮಿಲಿಮೀಟರ್ ಸಾಕು, ಎಂಟು ಹತ್ತು ಅಡಿ ಎತ್ತರ, ಸಜ್ಜದ ಕೆಳಗೆ, ಮಧ್ಯಾಹ್ನದ ಬಿಸಿಲು ತಾಗದ ಹಾಗೆ. ಪಂಜರದಲ್ಲಿ ಗಿಳಿ ಸಾಕೋದು ಮಾತ್ರ ಬೇಡ, ನಮ್ಮ ಕಾಡಿನ ಗಿಳಿಗಳನ್ನ ಹಂಗೆ ಇಟ್ಕೊಳ್ಳೋದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ.

ಗೂಡು ಕಂಡ್ರೆ ಎರಡು ಹೆಜ್ಜೆ ಹಿಂದೆ

ಹೋದ ವರ್ಷ ಫೆಬ್ರವರಿಯಲ್ಲಿ ಬಟ್ಟೆ ತಂತಿಯ ತುದಿಯಲ್ಲಿ ಕಸ ಸಿಕ್ಕಾಕ್ಕೊಂಡಿದೆ ಅಂತ ನಾನು ಕೀಳೋಕೆ ಹೋದೆ, ಅಮ್ಮ ಕೈ ಹಿಡಿದ್ರು. ಜೇಡರ ಬಲೆ, ಒಣಗಿದ ಹುಲ್ಲು, ತೊಗಟೆ ಚೂರು, ಕಂಬಳಿಹುಳದ ಹಿಕ್ಕೆ, ಒಂದು ಸಣ್ಣ ಕಾಗದದ ಚೂರು ಎಲ್ಲಾ ಸೇರಿಸಿ ಜೋತುಬಿದ್ದಿದ್ದ ಒಂದು ಚೀಲ. ಸೂರಕ್ಕಿ ಗೂಡು. ಕಟ್ಟೋದು ಹೆಣ್ಣೇ, ಗಂಡು ಹಿಂದೆ ಹಿಂದೆ ಹಾರ್ತಾ ಬಾಯಿ ಮಾಡೋದಷ್ಟೆ. ಪ್ರತಿ ಸಲ ಬಂದಾಗಲೂ ಕೊಕ್ಕಲ್ಲಿ ಬಲೆ ಎಳೆ ಹಿಡ್ಕೊಂಡು ಒಳಗೆ ಹೊಕ್ಕು, ಎದೆಯಿಂದ ಗೋಡೆ ಒತ್ತಿ ಒತ್ತಿ ದುಂಡಗೆ ಮಾಡ್ತಿತ್ತು, ಇಡೀ ಚೀಲ ಒಳಗಿಂದ ಉಬ್ಬಿ ಉಬ್ಬಿ ಅಲ್ಲಾಡೋದು ಹೊರಗಿಂದ ಕಾಣ್ತಿತ್ತು. ಬಾಗಿಲ ಮೇಲೆ ಮಳೆ ಬೀಳದ ಹಾಗೆ ಒಂದು ಪುಟ್ಟ ಸಜ್ಜ ಬೇರೆ. ಮರಿ ಹಾರೋವರೆಗೂ ನಮ್ಮ ಬಟ್ಟೆ ಟೆರೇಸಲ್ಲೇ ಒಣಗ್ತು, ಕಾವು ಹದಿನೈದು ದಿನದ ಹತ್ತಿರ, ಆಮೇಲೆ ಮರಿ ಒಳಗೇ ಇದ್ದದ್ದೂ ಹೆಚ್ಚೂ ಕಮ್ಮಿ ಅಷ್ಟೇ ದಿನ.

ಗೂಡು ಕಂಡ್ರೆ ಹತ್ತಿರ ಹೋಗಿ ಫ್ಲ್ಯಾಶ್ ಹಾಕಿ ಫೋಟೊ ತೆಗೀಬೇಡಿ, ಕೊಂಬೆ ಸರಿಸಬೇಡಿ, ನೀವು ಹೋಗಿದ್ದನ್ನ ಕಾಗೆ ನೋಡ್ತಿರುತ್ತೆ. ನೆಲದ ಮೇಲೆ ಪುಕ್ಕ ಬಂದಿರೋ ಮರಿ ಕೂತಿದ್ರೆ ಅದು ಹಾರೋದು ಕಲೀತಿರುತ್ತೆ, ಅಪ್ಪ ಅಮ್ಮ ಅಲ್ಲೇ ಎಲ್ಲೋ ಇರ್ತವೆ, ಬೆಕ್ಕು ನಾಯಿ ಇದ್ರೆ ಮಾತ್ರ ಎತ್ತಿ ಪಕ್ಕದ ಪೊದೆಗೆ ಇಡಿ. ಮನೆಗೆ ತಂದು ಹಾಲು ಅನ್ನ ತಿನ್ನಿಸೋದು ಬೇಡ.

ಬೈನಾಕ್ಯುಲರ್, ಆಪ್ ಇತ್ಯಾದಿ

ಎರಡು ತಿಂಗಳಾದ್ಮೇಲೂ ಹುಚ್ಚು ಇಳಿದಿಲ್ಲ ಅಂದ್ರೆ 8×42 ಬೈನಾಕ್ಯುಲರ್ ತಗೊಳ್ಳಿ. ಎಂಟು ಅಂದ್ರೆ ಎಷ್ಟು ಪಟ್ಟು ಹತ್ತಿರ ಕಾಣುತ್ತೆ ಅಂತ, 42 ಅಂದ್ರೆ ಮುಂದಿನ ಗಾಜಿನ ಅಗಲ ಮಿಲಿಮೀಟರಲ್ಲಿ. ಕೈ ನಡುಗಿದ್ರೂ ತಡೆಯುತ್ತೆ, ಬೆಳಗಿನ ಮಬ್ಬಲ್ಲೂ ಕಾಣುತ್ತೆ. ಫೋನಿಗೆ ಮರ್ಲಿನ್ ಅನ್ನೋ ಆಪ್ ಫ್ರೀ ಸಿಗುತ್ತೆ, ಅಮೆರಿಕದ ಕಾರ್ನೆಲ್ ಲ್ಯಾಬ್‌ನವರು ಮಾಡಿದ್ದು, ಕೂಗು ಕೇಳಿಸಿದ್ರೆ ಹೆಸರು ಹೇಳುತ್ತೆ. ಹೇಳಿದ್ದನ್ನೆಲ್ಲಾ ನಂಬಬೇಡಿ, ಅದು ಸುಳಿವು ಅಷ್ಟೆ, ಕಣ್ಣಲ್ಲಿ ನೋಡಿದ ಮೇಲೆ ಬರ್ಕೊಳ್ಳಿ. ಇನ್ನೊಂದು, ಆಪಲ್ಲಿ ಕೂಗು ಹಾಕಿ ಹಕ್ಕಿ ಕರೆಸೋ ಚಟ ಬೇಡ, ತನ್ನ ಜಾಗಕ್ಕೆ ಬೇರೆಯವನು ಬಂದ ಅಂತ ಪಾಪ ಅದು ಗೂಡು ಬಿಟ್ಟು ಜಗಳಕ್ಕೆ ಬರುತ್ತೆ.

ಬರೆದಿದ್ದನ್ನ ಉಪಯೋಗಕ್ಕೆ ಹಾಕಬೇಕು ಅನ್ನಿಸಿದ್ರೆ ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ನಡೆಯುತ್ತೆ. 1998ರಲ್ಲಿ ಅಮೆರಿಕ ಕಡೆ ಶುರುವಾಗಿ 2013ರಿಂದ ಇಡೀ ಜಗತ್ತಿನದ್ದಾಯ್ತು. ಕನಿಷ್ಠ 15 ನಿಮಿಷ ಕೂತು ಕಂಡಿದ್ದನ್ನ ಎಣಿಸಿ ಇ-ಬರ್ಡ್ ಅನ್ನೋ ಹಕ್ಕಿ ಲೆಕ್ಕದ ವೆಬ್‌ಸೈಟಲ್ಲಿ ಅಥವಾ ಮರ್ಲಿನ್‌ನಲ್ಲಿ ಹಾಕಬೇಕು, ಹಿತ್ತಲಿಂದಾನೇ ಮಾಡಬಹುದು, ಕಾಗೆನೂ ಲೆಕ್ಕಕ್ಕೆ ಬರುತ್ತೆ.

ನೋಟ್‌ಬುಕ್ಕಲ್ಲಿ ಜಾಸ್ತಿ ಏನೂ ಬೇಡ, ತಾರೀಖು, ಹೊತ್ತು, ಯಾವುದು, ಏನು ಮಾಡ್ತಿತ್ತು, ಹೆಸರು ಗೊತ್ತಿಲ್ದಿದ್ರೆ ಒಂದು ಸೊಟ್ಟ ಚಿತ್ರ. ಮೊದಲ ವರ್ಷ ಇದು ಬೋರು. ಎರಡನೇ ವರ್ಷ ಹಿಂದಿನ ಪುಟ ತಿರುವಿದಾಗ ಮಜಾ. ನಮ್ಮ ಟೆರೇಸಿನ ನೀರಿನ ಟ್ಯಾಂಕಿನ ಹತ್ರ ಚಳಿಗಾಲದಲ್ಲಿ ಒಂದು ಬೂದು ಸಿಪಿಲೆ ಬರುತ್ತೆ, ಬಾಲ ಮೇಲೆ ಕೆಳಗೆ ಕುಣಿಸ್ತಾನೇ ಇರೋದ್ರಿಂದ ಕುಂಡೆಕುಸ್ಕ ಅಂತಾನೂ ಕರೀತಾರೆ, ಬೇಸಿಗೆ ಕಳೆಯೋದು ಹಿಮಾಲಯದ ಕಡೆ. ಮೊದಲ ವರ್ಷದ ಪುಟದಲ್ಲಿ ಸೆಪ್ಟೆಂಬರ್ 21 ಅಂತಿದೆ. ಎರಡನೇ ವರ್ಷ 20ನೇ ತಾರೀಖಿಂದಾನೇ ಅಮ್ಮ ದಿನಾ ಬೆಳಿಗ್ಗೆ ಮೆಟ್ಟಿಲು ಹತ್ತಿ ಹೋಗಿ ನೋಡ್ಕೊಂಡು ಬರ್ತಿದ್ರು, 24ಕ್ಕೆ ಕೆಳಗಿಳಿದು ಬಂದು ಅಡುಗೆಮನೆಯಿಂದ ಕೂಗಿದ್ರು, "ಬಂದಿದೆ ಕಣೋ, ಟ್ಯಾಂಕ್ ಓವರ್‌ಫ್ಲೋ ಆಗೋ ಕಡೆ ಕೂತಿದೆ, ನೀನು ಮೋಟ್ರು ಆಫ್ ಮಾಡ್ಲಿಲ್ವಾ?"