ಅಮೆರಿಕದಲ್ಲಿ ಪುಟ್ಟ ಜಪಾನಿ ಪಿಕಪ್ ಕೊಳ್ಳುವುದಾದರೆ

ಗಾಡಿ ನೋಡುವ ಮೊದಲು ನಿಮ್ಮ ರಾಜ್ಯದ ಡಿಎಂವಿಯಲ್ಲಿ (ನಮ್ಮ ಆರ್‌ಟಿಒ ಇದ್ದ ಹಾಗೆ) ವಿಚಾರಿಸಿ. ಕೇ ಟ್ರಕ್ ಅನ್ನುವ ಈ ಪುಟ್ಟ ಪಿಕಪ್‌ಗೆ 25 ವರ್ಷ ತುಂಬಿದ್ದರೆ ಅಮೆರಿಕಕ್ಕೆ ತರಿಸಬಹುದು, ಆದರೆ ನಂಬರ್ ಪ್ಲೇಟ್ ಕೊಡೋದು ರಾಜ್ಯ. ಟೆಕ್ಸಾಸ್ 2024ರಲ್ಲಿ ಒಪ್ಪಿಕೊಂಡಿತು, ಎಲ್ಲ ರಾಜ್ಯಗಳೂ ಹಾಗಿಲ್ಲ. ಗಾಡಿ ಬಂದರಿನಲ್ಲಿ ಇಳಿದ ಮೇಲೆ ಇದು ಗೊತ್ತಾದರೆ ತಲೆ ಮೇಲೆ ಕೈ ಹೊತ್ತು ಕೂರಬೇಕಾಗುತ್ತದೆ.

ಇಷ್ಟು ರಗಳೆ ಯಾಕೆ ಅಂದ್ರೆ, ಹಿಂದೆ ಸಾಮಾನು ತುಂಬುವ ಬಾಡಿಗಾಗಿ. ಇಡೀ ಗಾಡಿಯ ಉದ್ದ ಹೆಚ್ಚೆಂದರೆ 3.4 ಮೀಟರ್, ಅಗಲ 1.48. ಅದರಲ್ಲಿ ಬಾಡಿಯೇ ಸುಮಾರು 1.9 ಮೀಟರ್! ಫೋರ್ಡ್‌ನ ದೊಡ್ಡ ಪಿಕಪ್, ನಾಲ್ಕು ಬಾಗಿಲಿನ ಎಫ್-150ಕ್ಕೆ ಸಾಮಾನ್ಯವಾಗಿ ಬರುವ ಐದೂವರೆ ಅಡಿ ಬಾಡಿಗಿಂತ ಇದು ಉದ್ದ. ನಾಲ್ಕಡಿ ಅಗಲ, ಎಂಟಡಿ ಉದ್ದದ ಪ್ಲೈವುಡ್ ಶೀಟ್ ಮಟ್ಟಸವಾಗಿ ಮಲಗುತ್ತದೆ, ಹಿಂದೆ ಅರ್ಧ ಮೀಟರ್ ಹೊರಗೆ ಚಾಚುತ್ತದೆ, ಕೆಂಪು ಬಟ್ಟೆ ಕಟ್ಟಿದರಾಯ್ತು. ಮೂರೂ ಕಡೆಯ ಹಲಗೆ ಕೆಳಗಿಳಿಯುವುದರಿಂದ ಗೊಬ್ಬರದ ಚೀಲವನ್ನು ಪಕ್ಕದಿಂದಲೇ ಎಳೆದುಕೊಳ್ಳಬಹುದು. ಆದರೆ ಮಿತಿ 350 ಕೆಜಿ. ಅಮೆರಿಕದ 94 ಪೌಂಡ್ ಸಿಮೆಂಟ್ ಚೀಲ ಎಂಟು ಹಾಕಿದರೆ ಮುಗಿಯಿತು.

ದಿನಾ ಇಂಟರ್‌ಸ್ಟೇಟ್ ಹೆದ್ದಾರಿಯಲ್ಲಿ ಆಫೀಸಿಗೆ ಹೋಗುವವರು ಇದನ್ನು ಕೊಳ್ಳಲೇಬೇಡಿ. 660 ಸಿಸಿ ಎಂಜಿನ್ ಗಂಟೆಗೆ 90 ಕಿಲೋಮೀಟರ್‌ಗೇ ಅರಚಲು ಶುರು ಮಾಡುತ್ತದೆ. ಮುಂದೆ ಬಾನೆಟ್ಟೂ ಇಲ್ಲ, ನಿಮ್ಮ ಮೊಣಕಾಲಿನ ಆಚೆ ತಗಡು ಅಷ್ಟೇ. ಊರೊಳಗಿನ ಓಡಾಟ, ತೋಟ, ಅಂಗಡಿ ಕೆಲಸಕ್ಕೆ ಮಾತ್ರ ನಾನು ಹೂಂ ಅನ್ನುತ್ತೇನೆ.

ಜಪಾನಿನ ಹರಾಜಿನಿಂದ ತರಿಸುವವರು ಫೋಟೋಗೆ ಮರುಳಾಗದೆ, ಗಾಡಿಯ ಸ್ಥಿತಿ ಬರೆದಿರುವ ಹರಾಜಿನ ಶೀಟ್ ಕೇಳಿ. ಅದರಲ್ಲಿ ಗಾಡಿಯ ಚಿತ್ರದ ಮೇಲೆ ಸಣ್ಣ ಅಕ್ಷರಗಳಿರುತ್ತವೆ: ಎ ಅಂದರೆ ಗೀರು, ಯು ಅಂದರೆ ತಗ್ಗು, ಎಸ್ ಅಂದರೆ ತುಕ್ಕು, ಸಿ ಅಂದರೆ ತುಕ್ಕು ತಗಡನ್ನೇ ತಿಂದಿದೆ ಅಂತ. ಎ, ಯು ಎಷ್ಟಿದ್ದರೂ ಪರವಾಗಿಲ್ಲ, ಕೆಲಸದ ಗಾಡಿ ಅಲ್ವಾ. ಸಿ ಕಂಡರೆ ಬಿಟ್ಟುಬಿಡಿ. ಹಿಮ ಬೀಳುವ ಕಡೆ ರಸ್ತೆಗೆ ಉಪ್ಪು ಹಾಕುತ್ತಾರೆ, ಹಾಗಾಗಿ ಅಲ್ಲಿ ಓಡಿದ ಗಾಡಿಯ ಅಡಿಭಾಗ ನೋಡದೆ ದುಡ್ಡು ಕೊಡಬೇಡಿ. ಅಮೆರಿಕದಲ್ಲೇ ಸಿಕ್ಕಿದ ಗಾಡಿಯಾದರೆ ಟಾರ್ಚ್ ಹಿಡಿದು ಕೆಳಗೆ ಮಲಗಿ, ಚಾಸಿಯನ್ನು ಸ್ಕ್ರೂಡ್ರೈವರ್‌ನಿಂದ ಕುಟ್ಟಿ ನೋಡಿ. ಟಣ್ ಅಂದರೆ ಸರಿ, ಪುಸಕ್ ಅಂತ ಒಳಗೆ ಹೋದರೆ ಎದ್ದು ಬನ್ನಿ.

ಎಂಜಿನ್ ಎಲ್ಲಿದೆ ಅನ್ನೋದೂ ಮುಖ್ಯ. ಸುಜುಕಿ ಕ್ಯಾರಿಯಲ್ಲಿ ಸೀಟಿನ ಕೆಳಗೆ, ಹೋಂಡಾ ಆಕ್ಟಿಯಲ್ಲಿ ಬಾಡಿಯ ಕೆಳಗೆ, ಸುಬಾರು ಸಾಂಬರ್‌ನಲ್ಲಿ ತೀರಾ ಹಿಂದೆ. ಸಾಂಬರ್ ಓಡಿಸಲು ಚೆಂದ, ಆದರೆ ಸುಬಾರು 2012ರಲ್ಲೇ ಅದನ್ನು ತಾನೇ ತಯಾರಿಸುವುದನ್ನು ಬಿಟ್ಟಿತು. ಊರಲ್ಲಿ ಮಾರುತಿ ಓಮ್ನಿ ರಿಪೇರಿ ನೋಡಿದವರಿಗೆ ಕ್ಯಾರಿ ಹೊಸದೇನಲ್ಲ. ಓಮ್ನಿ ಹುಟ್ಟಿದ್ದೇ ಕ್ಯಾರಿಯ ವಂಶದಲ್ಲಿ, ಸೀಟೆತ್ತಿ ಎಂಜಿನ್ ನೋಡೋದು ಅಲ್ಲೂ ಅದೇ.

ಟೈಮಿಂಗ್ ಬೆಲ್ಟ್ (ಎಂಜಿನ್ನಿನ ಒಳಭಾಗಗಳನ್ನು ಒಂದೇ ತಾಳಕ್ಕೆ ಓಡಿಸುವ ಪಟ್ಟಿ) ಇರುವ ಎಂಜಿನ್ ಆದರೆ, ಯಾವಾಗ ಬದಲಿಸಿದ್ದು ಅಂತ ದಾಖಲೆ ಇಲ್ಲದಿದ್ದರೆ, ಸುಮ್ನೆ ಹೊಸದು ಹಾಕಿಸಿಬಿಡಿ. ಪಾರ್ಟ್ಸ್ ತರಿಸುವಾಗ ವರ್ಷ ಹೇಳಿದರೆ ಸಾಲದು, ಚಾಸಿ ನಂಬರ್ ಕೊಡಿ. 90ರ ದಶಕದ ಕ್ಯಾರಿಯಲ್ಲಿ ಅದು ಡಿಸಿ51ಟಿ ಅಂತ ಶುರುವಾದರೆ ಟೂ ವೀಲ್ ಡ್ರೈವ್, ಡಿಡಿ51ಟಿ ಅಂದರೆ ಫೋರ್ ವೀಲ್ ಡ್ರೈವ್.