36 ಬಣ್ಣ ಕೊಂಡೆ, ಹಾಳೆ ಮರೆತೆ

ಶಿವಮೊಗ್ಗದಲ್ಲಿ ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲೇ ಭಾನುವಾರದ ವಾಟರ್ ಕಲರ್ ಕ್ಲಾಸು. ಸೇರುವ ಹಿಂದಿನ ದಿನ ಅಂಗಡಿಗೆ ಹೋಗಿ 36 ಬಣ್ಣದ ಡಬ್ಬಿ, 12 ಬ್ರಶ್‌ಗಳ ಸೆಟ್ಟು, ಒಂದು ಡ್ರಾಯಿಂಗ್ ಪುಸ್ತಕ ತಂದೆ. ದುಡ್ಡಿನ ಮುಕ್ಕಾಲು ಪಾಲು ಬಣ್ಣಕ್ಕೇ ಹೋಗಿತ್ತು. ಪುಸ್ತಕ ಮಾತ್ರ ಮಕ್ಕಳು ಶಾಲೆಗೆ ಒಯ್ಯುವಂಥದ್ದೇ.

ಮೊದಲ ದಿನ ಆಕಾಶ. ಹಾಳೆ ಒದ್ದೆ ಮಾಡಿ ನೀಲಿ ಹರಿಯಲು ಬಿಡಬೇಕು, ಅಷ್ಟೇ. ನನ್ನ ನೀಲಿ ಹರಿಯಲೇ ಇಲ್ಲ. ಹಾಕಿದ ಜಾಗದಲ್ಲೇ ಕೂತು ಕಲೆಯಾಯಿತು. ಹಾಳೆ ಹಪ್ಪಳದ ಹಾಗೆ ಉಬ್ಬಿತು. ಸರಿ ಮಾಡೋಣ ಅಂತ ಇನ್ನೆರಡು ಸಲ ಬ್ರಶ್ ಎಳೆದರೆ ಕಾಗದವೇ ಸಣ್ಣ ಸಣ್ಣ ಉಂಡೆಯಾಗಿ ಕಿತ್ತು ಬಂತು.

"ಬಣ್ಣದ್ದೇನೂ ತಪ್ಪಿಲ್ಲಮ್ಮ, ಹಾಳೆ ನೀರು ಕುಡೀತಾ ಇದೆ" ಎಂದರು ಮೇಷ್ಟ್ರು. ತಮ್ಮದೇ ಒಂದು ತುಂಡು ಕೊಟ್ಟರು. ಅದೇ ಬಣ್ಣ, ಅದೇ ಬ್ರಶ್, ಅದೇ ಕೈ. ಆಕಾಶ ಬಂತು!

ಆ ತುಂಡು 300 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಹಾಳೆ. ಕೋಲ್ಡ್ ಪ್ರೆಸ್, ಅಂದರೆ ಬಿಸಿ ಮಾಡದೆ ಒತ್ತಿದ್ದು, ಪೂರ್ತಿ ಹತ್ತಿಯದು. ಮುಟ್ಟಿದರೆ ತರಿತರಿ. ಇಂಥ ಹಾಳೆಗೆ ಜೆಲಟಿನ್ ಥರದ ಅಂಟು ಕೊಟ್ಟಿರುತ್ತಾರೆ. ಅದಕ್ಕೇ ನೀರು ತಕ್ಷಣ ಇಂಗದೆ ಸ್ವಲ್ಪ ಹೊತ್ತು ಮೇಲೇ ನಿಲ್ಲುತ್ತದೆ. ಬಣ್ಣ ಬೆರೆಯುವುದು ಆ ಹೊತ್ತಿನಲ್ಲೇ. ಈಗ ಹೊಸ ಹಾಳೆ ತಂದರೆ ಮೂಲೆಯಲ್ಲಿ ಒಂದು ಹನಿ ನೀರು ಹಾಕಿ ನೋಡುತ್ತೇನೆ. ಹನಿ ಮುತ್ತಿನ ಹಾಗೆ ನಿಂತರೆ ಸರಿ. ಸುಳಕ್ಕನೆ ಇಂಗಿದರೆ ಅದು ಪೆನ್ಸಿಲ್‌ಗೆ.

ಬೆಲೆ ಜಾಸ್ತಿ, ನಿಜ. ಒಂದು ದೊಡ್ಡ ಹಾಳೆಗೇ ನೂರಾರು ರೂಪಾಯಿ. ಆದರೆ 22×30 ಇಂಚಿನ ಹಾಳೆಯನ್ನು ಎಂಟು ಭಾಗ ಮಾಡಿದರೆ ಕಲಿಯುವವರಿಗೆ ಸಾಕಷ್ಟು ದೊಡ್ಡ ತುಂಡುಗಳೇ ಸಿಗುತ್ತವೆ. ಕೆಟ್ಟರೆ ಹಿಂಬದಿ ಇದ್ದೇ ಇದೆ.

ಇನ್ನೊಂದು ಪಾಠ ಮಳೆಗಾಲ ಕಲಿಸಿತು. ಹಾಳೆ ಕಟ್ಟನ್ನು ಗೋಡೆ ಪಕ್ಕದ ಕಪಾಟಿನಲ್ಲಿ ಇಟ್ಟಿದ್ದೆ. ಜುಲೈ ಕಳೆದ ಮೇಲೆ ತೆಗೆದು ಬಣ್ಣ ಹಾಕಿದರೆ ಆಕಾಶದ ತುಂಬಾ ಗಾಢ ಚುಕ್ಕೆಗಳು. ತಂಡಿಗೆ ಅಲ್ಲಲ್ಲಿ ಅಂಟು ಹಾಳಾಗಿತ್ತು. ಹೊರಗಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಅದೇ ಹೊಟ್ಟೆ ಉರಿಸುವುದು. ಈಗ ಪ್ಲಾಸ್ಟಿಕ್ ಕವರಿನೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಕಟ್ಟಿಡುತ್ತೇನೆ. ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುತ್ತಲ್ಲ, ಅದೇ.

12 ಬ್ರಶ್‌ಗಳಲ್ಲಿ ಎರಡು ಮಾತ್ರ ಉಳಿದವು. ಬೇರೆಯವು ಕೂದಲು ಉದುರಿಸಿದವು. ಆಮೇಲೆ 10ನೇ ನಂಬರಿನ ಉರುಟು ಸಿಂಥೆಟಿಕ್ ಬ್ರಶ್ ಒಂದನ್ನೇ ಚೆನ್ನಾಗಿರುವುದು ತೆಗೆದುಕೊಂಡೆ. ಒದ್ದೆ ಮಾಡಿ ಒಮ್ಮೆ ಕೊಡವಿದರೆ ತುದಿ ಚೂಪಾಗಬೇಕು. ಅಂಗಡಿಯಲ್ಲಿ ನೀರು ಕೇಳಲು ನಾಚಿಕೆ ಬೇಡ. ಬ್ರಶ್ಶಿನ ಉಬ್ಬಿದ ಹೊಟ್ಟೆಯಲ್ಲಿ ಆಕಾಶ, ತುದಿಯಲ್ಲಿ ತಂತಿ ಕಂಬ, ಎರಡನ್ನೂ ಅದೊಂದೇ ಬರೆಯುತ್ತದೆ. ಆಕಾಶಕ್ಕೇ ಅಂತ ಒಂದಿಂಚಿನ ಚಪ್ಪಟೆ ಬ್ರಶ್ ಇದ್ದರೆ ಸುಖ.

ಬಣ್ಣ ಈಗ ಐದೇ ಟ್ಯೂಬು: ಲೆಮನ್ ಯೆಲ್ಲೋ, ಯೆಲ್ಲೋ ಓಕರ್ (ಮಣ್ಣಿನ ಹಳದಿ), ಕ್ರಿಮ್ಸನ್ (ಕಡುಗೆಂಪು), ಅಲ್ಟ್ರಾಮರೀನ್ (ಗಾಢ ನೀಲಿ), ಬರ್ನ್ಟ್ ಸಿಯೆನ್ನಾ (ಕೆಂಗಂದು). ಒಳಗಿರುವ ಬಣ್ಣದ ಪುಡಿ ಯಾವುದೆಂದು ಹೇಳುವ ಸಂಕೇತ ಟ್ಯೂಬಿನ ಹಿಂದೆ ಇರುತ್ತದೆ. ಪಿಬಿ 29 ಎಂದಿದ್ದರೆ ಅದು ಅಲ್ಟ್ರಾಮರೀನ್. ಹೆಸರಿಗಿಂತ ಆ ಸಂಖ್ಯೆ ನೋಡಿ ಕೊಳ್ಳುವುದು ವಾಸಿ. ಅಲ್ಟ್ರಾಮರೀನ್‌ಗೆ ಬರ್ನ್ಟ್ ಸಿಯೆನ್ನಾ ಬೆರೆಸಿದರೆ ನಮ್ಮ ಆಷಾಢದ ಮೋಡದ ಬೂದು ಸಿಗುತ್ತದೆ. ಅದಕ್ಕೆ ಲೆಮನ್ ಯೆಲ್ಲೋ ಸೇರಿಸುತ್ತಾ ಹೋದರೆ ಅಡಿಕೆ ತೋಟದ ಹಸಿರು. ಡಬ್ಬಿಯ ರೆಡಿಮೇಡ್ ಹಸಿರು ಪ್ಲಾಸ್ಟಿಕ್ ಗಿಡದ್ದು, ನನಗಂತೂ ಹಾಗೇ ಕಾಣುತ್ತದೆ.

ಉಳಿದದ್ದೆಲ್ಲ ಮನೆಯಲ್ಲೇ ಇತ್ತು. ಬಿಳಿ ಪಿಂಗಾಣಿ ತಟ್ಟೆ, ಎರಡು ಲೋಟ ನೀರು, ಹಳೇ ಪಂಚೆಯ ತುಂಡು, ಪರೀಕ್ಷೆ ಬರೆಯುವ ಪ್ಯಾಡು. ಹಾಳೆ ಅಂಟಿಸಲು ಮಾಸ್ಕಿಂಗ್ ಟೇಪ್ ಮಾತ್ರ ಕೊಂಡೆ. ಸೆಲ್ಲೋಟೇಪ್ ಹಾಕಿ ಒಂದು ಚಿತ್ರದ ಅಂಚು ಹರಿದುಕೊಂಡ ಮೇಲೆ.

36 ಬಣ್ಣದ ಡಬ್ಬಿ ತಂಗಿಯ ಮಗನ ಪಾಲಾಗಿದೆ. ಕಪ್ಪು ಎಲ್ಲಕ್ಕಿಂತ ಮೊದಲು ಖಾಲಿಯಾಯಿತಂತೆ.